ಕೆಂಪು ಬೆನ್ನಿನ ಎಲೆಗಳು

ಗಂಜೀಫ ಎಂದರೆ ಈಗಿನವರು ಗೋಡೆಗೆ ನೇತುಹಾಕುವ ಚಿತ್ರ ಎಂದುಕೊಂಡಿದ್ದಾರೆ. ಈಚೆಗೆ ಒಬ್ಬರ ಮನೆಗೆ ಹೋಗಿದ್ದಾಗ ಗಾಜಿನ ಚೌಕಟ್ಟಿನೊಳಗೆ ನಾಲ್ಕು ದುಂಡನೆಯ ಎಲೆಗಳನ್ನು ಅಂಟಿಸಿ ಇಟ್ಟಿದ್ದನ್ನು ಕಂಡೆ. ನಾನು ಹತ್ತಿರ ಹೋದ ಕೂಡಲೇ ಆ ಮನೆಯಾಕೆ, "ಬಹಳ ಹಳೆಯದು, ಬಟ್ಟೆಯದು, ದಯವಿಟ್ಟು ಮುಟ್ಟಬೇಡಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಮುಟ್ಟದೆ ಇರುವುದಕ್ಕೆ ಅದೇನು ದೇವರ ವಿಗ್ರಹವೇ? ಅದು ಆಡುವ ಎಲೆ. ಇಸ್ಪೀಟಿನ ಹಾಗೆಯೇ ಕೈಯಿಂದ ಕೈಗೆ ಓಡಾಡಬೇಕಾದದ್ದು. ಬೆನ್ನಿಗೆ ಅಂಟು ಬಳಿದು ಮುಖ ಮಾತ್ರ ತೋರಿಸುವವರಿಗೆ ಎಲೆಯ ಬೆನ್ನು ಏನೆಂದು ಗೊತ್ತಿರುವುದಿಲ್ಲ. ಬಾಯಿ ತೆರೆದರೆ ಜಗಳವಾಗುತ್ತದೆಂದು ಕಾಫಿ ಕುಡಿದು ಎದ್ದು ಬಂದೆ.

ನಮ್ಮ ತಾತನ ಮನೆ ಇದ್ದದ್ದು ಚಾಮರಾಜನಗರದಲ್ಲಿ, ಹೊಲಗದ್ದೆ ಹತ್ತಿರದ ಹಳ್ಳಿ ಉಡಿಗಾಲದಲ್ಲಿ. ತಾತನಿಗೆ ಮೂವರು ಗಂಡುಮಕ್ಕಳು, ಅವರ ಬೆನ್ನಿಗೆ ಹುಟ್ಟಿದ ಒಬ್ಬಳೇ ಮಗಳು. ಹಿರಿಯವರಾದ ದೊಡ್ಡಪ್ಪ ಹೆಂಡತಿ ಮಕ್ಕಳೊಡನೆ ತಾತನ ಜೊತೆಯಲ್ಲೇ ಇದ್ದರು. ನಡುವಿನವರು ಹೊಲ ನೋಡಿಕೊಂಡು ಉಡಿಗಾಲದಲ್ಲಿದ್ದರು. ಅವರನ್ನು ನಾವು ಉಡಿಗಾಲದ ದೊಡ್ಡಪ್ಪ ಎನ್ನುತ್ತಿದ್ದೆವು. ನಮ್ಮಪ್ಪ ಕಿರಿಯವರು, ಗುಂಡ್ಲುಪೇಟೆಯಲ್ಲಿ ಸರ್ಕಾರಿ ಗುಮಾಸ್ತರು. ನನ್ನ ಓದಿಗೆ ಚಾಮರಾಜನಗರವೇ ಒಳ್ಳೆಯದೆಂದು ನನ್ನನ್ನು ತಾತನ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ನನಗೆ ತಾಯಿಯಾಗಿ, ಗೆಳತಿಯಾಗಿ, ಜಗಳಕ್ಕೆ ಜೊತೆಯಾಗಿ ಇದ್ದವಳು ಆ ಒಬ್ಬಳೇ ಮಗಳು, ನನ್ನ ಸೋದರತ್ತೆ.

ಅತ್ತೆಯನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷವೇ ಗಂಡ ಜ್ವರ ಬಂದು ತೀರಿಕೊಂಡ. ಆ ಮನೆಯವರು ಒಂದು ತಗಡಿನ ಟ್ರಂಕು ಕೈಗೆ ಕೊಟ್ಟು ಬಸ್ಸು ಹತ್ತಿಸಿದರಂತೆ. ನನಗೆ ತಿಳುವಳಿಕೆ ಬರುವ ಹೊತ್ತಿಗೆ ಅವಳು ತವರಿನಲ್ಲಿ ಬಹಳ ವರ್ಷ ಕಳೆದಾಗಿತ್ತು. ಬಿಳಿ ಸೀರೆ, ಬೋಳು ಹಣೆ, ಬಾಯಲ್ಲಿ ಮಾತ್ರ ಒಂದು ಊರಿಗೆ ಸಾಲುವಷ್ಟು ಕುಚೋದ್ಯ. ಮದುವೆ ಮುಂಜಿಗಳಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಬೇರೆಯವರು ಹೊರಟ ಮೇಲೆ ಬಾಗಿಲು ಹಾಕಿಕೊಂಡು ಮನೆ ಕಾಯುವುದು ಅವಳ ಕೆಲಸ. "ಎಲ್ರೂ ಓಗ್ಲಿ ಬುಡಮ್ಮಿ, ನಾವು ಎಲೆ ತಗಿಯನ" ಎನ್ನುತ್ತಿದ್ದಳು. ನಾನು ಪಾಯಸದ ಆಸೆಯನ್ನೂ ಬಿಟ್ಟು ಅವಳ ಜೊತೆ ಉಳಿದುಬಿಡುತ್ತಿದ್ದೆ.

ಆ ಎಲೆಗಳು ತಾತನ ತಾತನಿಗೆ ಮೈಸೂರಿನಲ್ಲಿ ಉಡುಗೊರೆಯಾಗಿ ಬಂದವಂತೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದನ್ನು ತಾತ ಪ್ರತಿಸಲವೂ ಬೇರೆ ಬೇರೆಯಾಗಿ ಹೇಳುತ್ತಿದ್ದರು, ಆದ್ದರಿಂದ ಅದನ್ನು ನಾನು ಬರೆಯುವುದಿಲ್ಲ. ಕೆತ್ತನೆಯ ಮರದ ಪೆಟ್ಟಿಗೆ, ಅದರ ಮುಚ್ಚಳ ಪಕ್ಕಕ್ಕೆ ಜಾರುತ್ತಿತ್ತು. ಒಳಗೆ ಹತ್ತು ಅವತಾರ, ಒಂದೊಂದು ಅವತಾರಕ್ಕೆ ಹನ್ನೆರಡು ಎಲೆ: ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ ಒಂದರಿಂದ ಹತ್ತು. ಹಳೆಯ ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಒಂದರ ಮೇಲೊಂದು ಕೂರಿಸಿ, ಒಣಗಿಸಿ, ಕಲ್ಲಿನಿಂದ ಉಜ್ಜಿ, ಮುಂದುಗಡೆ ಬಣ್ಣದ ಚಿತ್ರ ಬರೆದು ಅರಗು ಬಳಿದಿದ್ದರು. ಹಿಂದುಗಡೆ ಚಿತ್ರವಿಲ್ಲ, ಬರೀ ಕೆಂಪು ರೇಷ್ಮೆ. ಅರಗಿನ ಕೆಳಗೆ ರೇಷ್ಮೆಯ ನೂಲು ನೂಲೂ ಕಾಣುತ್ತಿತ್ತು. ಕೈಯಲ್ಲಿ ಹಿಡಿದರೆ ತಣ್ಣಗೆ, ಎಸೆದರೆ ಟಪ್ ಎಂದು ಸದ್ದು. ಆ ಸದ್ದಿಗೆ ದೊಡ್ಡಮ್ಮ ಅಡಿಗೆಮನೆಯಿಂದ, "ಶುರುವಾಯ್ತಾ ನಿಮ್ಮ ಅರಮನೆ ಆಟ" ಎಂದು ಮೂಗು ಮುರಿಯುತ್ತಿದ್ದರು.

ಬಟ್ಟೆಯ ಎಲೆ ಎಷ್ಟೆಂದರೂ ಸವೆಯುತ್ತದೆ. ಅಂಚು ಬಿಡುತ್ತದೆ, ಪದರ ಬಿರಿಯುತ್ತದೆ. ಆಗ ಅದನ್ನು ತೆಗೆದು ಹೊಸದು ಮಾಡಬೇಕು. ಹೊಸದಕ್ಕೆ ಕೆಂಪು ರೇಷ್ಮೆ ಬೇಕು. ಕೊಳ್ಳೇಗಾಲದ ರೇಷ್ಮೆ ಹತ್ತಿರದಲ್ಲೇ ಸಿಗುತ್ತಿತ್ತು, ಆದರೆ ಹೊಸ ರೇಷ್ಮೆಗೆ ಕತ್ತರಿ ಹಾಕಿದರೆ ಮನೆಗೆ ಆಗುವುದಿಲ್ಲ ಎಂದು ನಮ್ಮವರ ನಂಬಿಕೆ. ಮುತ್ತೈದೆ ಉಡುವ ಸೀರೆಗೆ ಕತ್ತರಿ ಹಾಕುವ ಮಾತೇ ಇಲ್ಲ. ಹಾಗಾದರೆ ಉಳಿದದ್ದು ಯಾವುದು? ಮನೆಯ ಹೆಣ್ಣೊಬ್ಬಳು ವಿಧವೆಯಾದಾಗ ಅವಳ ಮದುವೆಯ ಕೆಂಪು ಸೀರೆ ಉಳಿಯುತ್ತಿತ್ತು. ಅವಳು ಅದನ್ನು ಉಡುವಂತಿಲ್ಲ. ಬೇರೆ ಹೆಣ್ಣಿಗೆ ಕೊಡುವಂತಿಲ್ಲ, ಯಾರೂ ಈಸಿಕೊಳ್ಳುವುದಿಲ್ಲ. ಆ ಸೀರೆಯಲ್ಲಿ ಸವೆದ ಎಲೆಗಳಿಗೆ ಬೇಕಾದಷ್ಟು ದುಂಡಗೆ ಕತ್ತರಿಸಿಕೊಂಡು, ಮಿಕ್ಕದ್ದನ್ನು ಹೊಳೆಗೆ ಬಿಟ್ಟುಬಿಡುತ್ತಿದ್ದರು. ಮನೆಯಲ್ಲಿ ಒಂದು ಚೂರೂ ಇಟ್ಟುಕೊಳ್ಳಬಾರದು. ಇನ್ನೊಬ್ಬಳಿಗೆ ಹಾಗಾಗುವವರೆಗೆ ಎಲೆ ಸವೆದರೂ ಹರಿದರೂ ಅದರಲ್ಲೇ ಆಡಬೇಕು.

ಅತ್ತೆಯ ಸೀರೆಯನ್ನು ಕತ್ತರಿಸಿದ್ದು ತಾತನೇ. ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಒಂಬತ್ತು ಎಲೆ ಸವೆದಿದ್ದವಂತೆ. ಒಂಬತ್ತು ದುಂಡು ತೆಗೆದರು. ಅಂಟು ಕಾಯಿಸುವುದು, ಪದರ ಕೂರಿಸುವುದು, ಬಣ್ಣ ತುಂಬುವುದು ಎಲ್ಲವನ್ನೂ ಆ ಹದಿನೆಂಟರ ಹುಡುಗಿಗೇ ಹೇಳಿಕೊಟ್ಟು, ಅವಳ ಕೈಯಲ್ಲೇ ಮಾಡಿಸಿದರು. ಕೆಲಸ ಕಲಿತರೆ ದುಃಖ ಮರೆಯುತ್ತಾಳೆ ಎಂದಿದ್ದರಂತೆ. ಎಲೆ ಒಣಗಿದ ದಿನ ಎದುರಿಗೆ ಕೂರಿಸಿಕೊಂಡು ಆಟವನ್ನೂ ಕಲಿಸಿದರು. ತಾತ ಒಳ್ಳೆಯವರು. ಊರಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಿದ್ದರು. ಕತ್ತರಿ ಹಿಡಿದದ್ದು ಆ ಒಳ್ಳೆಯ ಕೈಯೇ ಎಂಬುದನ್ನು ನಾನು ಇವತ್ತಿಗೂ ಮರೆತಿಲ್ಲ, ಕ್ಷಮಿಸಿಯೂ ಇಲ್ಲ.

ಆಟಕ್ಕೆ ಮೂವರು ಬೇಕು. ತಾತ, ಅತ್ತೆ, ಮೂರನೆಯವಳು ನಾನು. ಮಧ್ಯಾಹ್ನದ ಊಟವಾಗಿ ದೊಡ್ಡಪ್ಪ ಮಲಗಿದ ಮೇಲೆ ಪಡಸಾಲೆಯಲ್ಲಿ ಬಿಳಿ ಪಂಚೆ ಹಾಸಿ ಕೂರುತ್ತಿದ್ದೆವು. ಹಗಲಾದರೆ ರಾಮನ ರಾಜ ಯಾರ ಕೈಗೆ ಬಂದಿದ್ದಾನೋ ಅವರು ಮೊದಲ ಎಲೆ ಹಾಕಬೇಕು. ದೀಪ ಹಚ್ಚಿದ ಮೇಲಾದರೆ ಕೃಷ್ಣನ ರಾಜ ಇರುವವರು. ಅದು ಈ ಆಟದ ಕಟ್ಟಳೆ. ಆ ಇಬ್ಬರಲ್ಲಿ ಒಬ್ಬರು ಇಲ್ಲದೆ ಆಟ ಶುರುವಾಗುವುದೇ ಇಲ್ಲ.

ಅತ್ತೆಯನ್ನು ಸೋಲಿಸುವುದು ಯಾರ ಕೈಲೂ ಆಗುತ್ತಿರಲಿಲ್ಲ. ಅದರ ಗುಟ್ಟು ನಮಗೆಲ್ಲ ತಿಳಿದದ್ದೇ. ಹಳೆಯ ಎಲೆಗಳ ಕೆಂಪು ಒಂದು ಬಗೆ, ಆಮೇಲೆ ಸೇರಿದ ಸೀರೆಗಳ ಕೆಂಪು ಒಂದೊಂದು ಬಗೆ. ಬೇರೆಯವರಿಗೆ ಎಲ್ಲವೂ ಕೆಂಪೇ. ಅತ್ತೆ ಮಾತ್ರ ಬೆನ್ನು ನೋಡಿಯೇ ಎಲೆಯನ್ನು ಹೇಳುತ್ತಿದ್ದಳು. ಇದು ತಾತನ ಅಕ್ಕನ ಸೀರೆ, ವಾಮನನ ಆರು. ಇದು ಚಿಕ್ಕಜ್ಜಿಯದು, ಕೂರ್ಮನ ಮಂತ್ರಿ. ತನ್ನ ಒಂಬತ್ತು ಎಲೆಗಳನ್ನಂತೂ ಕಣ್ಣು ಮುಚ್ಚಿಕೊಂಡು ಅಂಚು ಸವರಿ ಹೇಳುತ್ತಿದ್ದಳು.

"ನಿಮ್ಮತ್ತೆ ಮೋಸಗಾತಿ ಕಣಮ್ಮಿ, ಬೆನ್ನು ನೋಡ್ಕಂಡು ಆಡ್ತಾಳ" ಎಂದು ತಾತ ರೇಗುತ್ತಿದ್ದರು.

"ನನ್ ಸೀರೆನ ನಾನು ಗುರ್ತು ಇಡಿಬಾರ್ದಾ ಅಪ್ಪಾ? ನೀನು ಕತ್ತರಿಸ್ದೆ, ನಾನು ನೋಡ್ತೀನಿ, ಅಷ್ಟೆಯಾ" ಎಂದು ಅತ್ತೆ ನಗುತ್ತಿದ್ದಳು. ತಾತನೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವಿನಲ್ಲಿ ಏನಿತ್ತೆಂದು ಹತ್ತು ವರ್ಷದ ನನಗೆ ತಿಳಿಯುವಂತಿರಲಿಲ್ಲ.

ನಾನು ಮಾಧ್ಯಮಿಕ ಶಾಲೆ ಮುಗಿಸುವ ಹೊತ್ತಿಗೆ ತಾತ ತೀರಿಕೊಂಡರು. ತಿಥಿಯ ಊಟ ಅರಗುವ ಮುಂಚೆಯೇ ಪಾಲಿನ ಮಾತು ಶುರುವಾಯಿತು. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟು ಎನ್ನುವ ಕಾನೂನು ಆಗ ತಾನೇ ಬಂದಿತ್ತು. ಕಚೇರಿಯಲ್ಲಿದ್ದ ನಮ್ಮಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು, ಅಣ್ಣಂದಿರಿಗೆ ಹೇಳಿದವರೂ ಅವರೇ. ಹೇಳಿದ್ದು ತಂಗಿಗೆ ಕೊಡೋಣ ಎಂದಲ್ಲ. ಮುಂದೆ ತೊಡಕಾಗದ ಹಾಗೆ ಅವಳಿಂದ ಹಕ್ಕು ಬಿಟ್ಟ ಪತ್ರ ಬರೆಸಿಕೊಳ್ಳೋಣ ಎಂದು. ನಮ್ಮಪ್ಪ ಕೆಟ್ಟವರಲ್ಲ. ಕಚೇರಿಯಲ್ಲಿ ಊರವರ ತಕರಾರು ಬರೆದು ಬರೆದು ತಮ್ಮದೂ ಒಂದು ತಕರಾರು ಇರಬಹುದೆಂಬುದನ್ನು ಮರೆತಿದ್ದರು.

ಅತ್ತೆ ಚೌಕಾಸಿ ಮಾಡಲಿಲ್ಲ. "ನಂಗ ಒಲ ಗದ್ದೆ ಏನ್ ಮಾಡಕ್ಕ? ನಿಮ್ ಮನೇಲಿ ಒಂದ್ ಮೂಲೆ, ಒಂದ್ ತುತ್ತು ಇದ್ರ ಸಾಕು. ಆ ಎಲೆ ಪೆಟ್ಟಿಗೆ ಒಂದು ನಂಗ ಕೊಟ್ಬುಡಿ ಅಣ್ಣ" ಎಂದಳು.

ದೊಡ್ಡಪ್ಪ ಅವಳ ತಲೆ ಸವರಿ, "ಅದ್ನೂ ಕೇಳ್ಬೇಕಾ ಕಣವ್ವ? ಅದು ನಿಂದೇಯ" ಎಂದರು. ಕಣ್ಣಲ್ಲಿ ನೀರೂ ತಂದುಕೊಂಡರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದವಳು ಎಲ್ಲವನ್ನೂ ಕೇಳಿದ್ದೇನೆ. ಅತ್ತೆಗೆ ಓದು ಬರಹ ಚೆನ್ನಾಗಿ ಬರುತ್ತಿತ್ತು. ಸವೆದ ಎಲೆಗಳಿಗೆ ಬಣ್ಣ ತುಂಬುತ್ತಿದ್ದವಳ ಅಕ್ಷರ ನಮ್ಮ ಮೇಷ್ಟರ ಅಕ್ಷರಕ್ಕಿಂತ ಅಂದ. ಆದರೂ ಅವಳ ಮುಂದೆ ಮಸಿಯ ಡಬ್ಬಿಯನ್ನೇ ಇಟ್ಟರು. ಹೆಣ್ಣೆಂದರೆ ಹೆಬ್ಬೆಟ್ಟು ಎಂದು ಅವರು ಮೊದಲೇ ತೀರ್ಮಾನಿಸಿದ್ದರು. ಅತ್ತೆ ಒತ್ತಿದಳು.

ಮಾರನೆಯ ವಾರ ಪಾಲಿನ ದಿನ. ಊರಿನ ಇಬ್ಬರು ಯಜಮಾನರು ಬಂದು ಕೂತಿದ್ದರು. ಹಂಡೆ, ಕೊಪ್ಪರಿಗೆ, ಕಂಚಿನ ತಟ್ಟೆ, ನೇಗಿಲು, ಒರಳು, ತೊಟ್ಟಿಲು ಎಲ್ಲವೂ ಅಂಗಳದಲ್ಲಿ ಮೂರು ಗುಡ್ಡೆಯಾಗಿ ಬಿದ್ದಿದ್ದವು. ಕೊನೆಗೆ ದೊಡ್ಡಪ್ಪ ಎಲೆಯ ಪೆಟ್ಟಿಗೆ ತಂದು, "ಇದು ತಂಗಿಗೆ ಅಂತ ಮಾತು ಕೊಟ್ಟಿವ್ನಿ" ಎಂದರು.

"ಅದ್ಯಾಕೆ?" ಎಂದರು ಉಡಿಗಾಲದ ದೊಡ್ಡಪ್ಪ. "ನನ್ ಮಕ್ಳಿಗೂ ಅವ್ರ ತಾತನ ನೆಪ್ಪು ಬ್ಯಾಡ್ವಾ? ಅಪ್ಪ ದಿನಾ ಕೈಯಲ್ಲಿ ಇಡಿತಿದ್ದ ಪದಾರ್ಥ. ಅಂಡೆ ಕೊಟ್ರ ನೆಪ್ಪಾದ್ದಾ?"

ಅಪ್ಪನ ನೆನಪು ಬೇಕು ಎನ್ನುವ ಮಗನಿಗೆ ಬೇಡ ಎನ್ನುವುದು ಹೇಗೆ? ಹಿರಿಯ ಯಜಮಾನರು ಪೆಟ್ಟಿಗೆ ತೆರೆಸಿ, ಎಷ್ಟು ಬಗೆ ಇವೆ ಎಂದು ಕೇಳಿದರು. ಹತ್ತು ಅವತಾರ ಎಂದ ಕೂಡಲೇ ಅವರ ಮುಖ ಅರಳಿತು. "ಸರೋಯ್ತಲ್ಲ! ಅಣ್ತಮ್ಮಂದಿರ್ಗ ಮೂರ್ ಮೂರು. ಮಿಕ್ಕ ಒಂದು ಎಣ್ಮಗಳಿಗ. ಎಣ್ಮಗಳ್ನ ಬರಿ ಕೈಲಿ ಕಳ್ಸಬಾರ್ದು."

ಎಲ್ಲರೂ ತಲೆದೂಗಿದರು. ಇಷ್ಟು ಸೊಗಸಾಗಿ ಬಗೆಹರಿದ ಪಾಲನ್ನು ಈಚೆಗೆ ಕಂಡಿರಲಿಲ್ಲವೆನ್ನುತ್ತಾ ಇನ್ನೊಬ್ಬ ಯಜಮಾನರು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಆ ಅಂಗಳದಲ್ಲಿ ಆ ಆಟವನ್ನು ಒಂದು ದಿನವಾದರೂ ಆಡಿದ್ದ ಗಂಡಸು ಒಬ್ಬನೂ ಇರಲಿಲ್ಲ. ಆಡಿದ್ದವರು ಸ್ಮಶಾನದಲ್ಲಿದ್ದರು.

ನಾನು ಕಿರಿಚಿದೆ. "ಹಂಚಿದರೆ ಆಡಕ್ಕಾಗಲ್ಲ! ಹತ್ತೂ ಇದ್ದರೇ ಆಟ!" ಎಂದು ಕೂಗಿದೆ. ದೊಡ್ಡಪ್ಪ ನನ್ನ ಕಡೆ ನೋಡಿ, "ಆಡಕ್ಕಲ್ಲ ಕಣಮ್ಮಿ, ನೆಪ್ಪಿಗೆ. ಓಗು ಒಳಕ್ಕೆ" ಎಂದರು. ನಾನು ನಮ್ಮಪ್ಪನ ಕಡೆ ನೋಡಿದೆ. ಅವರು ತಮ್ಮ ಪಾಲಿಗೆ ಬಂದ ಕೊಪ್ಪರಿಗೆಯ ಬಾಯಿಯನ್ನೇ ದಿಟ್ಟಿಸುತ್ತಿದ್ದರು.

ಅತ್ತೆ ಬಾಗಿಲ ಹಿಂದಿನಿಂದ ಒಂದೇ ಮಾತು ಹೇಳಿದಳು. "ಅದ್ರೊಳಗ ನನ್ ಸೀರೇದು ಒಂಬತ್ತು ಎಲೆ ಅವ. ಅಷ್ಟನ್ನಾದ್ರೂ ಆಯ್ದು ಕೊಡಿ ಅಣ್ಣ."

ಆ ಒಂಬತ್ತು ಬೇರೆ ಬೇರೆ ಅವತಾರಗಳಲ್ಲಿ ಚದುರಿದ್ದವು. ಅವನ್ನು ತೆಗೆದರೆ ಎಲ್ಲರ ಪಾಲೂ ಮುಕ್ಕಾಗುತ್ತದೆ, ಮುಕ್ಕಾದ ಪಾಲನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದರು ಯಜಮಾನರು. ಹಿರಿಯರೆಂದು ದೊಡ್ಡಪ್ಪ ಮೊದಲು ರಾಮನನ್ನು ಎತ್ತಿಕೊಂಡರು. ಉಡಿಗಾಲದವರು ಕೃಷ್ಣನನ್ನು ಎತ್ತಿಕೊಂಡರು. ಹೀಗೆ ಸರದಿಯಂತೆ ಆರಿಸಿ ಆರಿಸಿ, ಯಾರೂ ಎತ್ತಿಕೊಳ್ಳದೆ ಉಳಿದದ್ದು ಕಲ್ಕಿ. ಅದರಲ್ಲಿ ಅತ್ತೆಯ ಸೀರೆಯ ಎಲೆ ಒಂದೂ ಇರಲಿಲ್ಲ.

ಯಜಮಾನರು ಹೋದ ಮೇಲೆ ಅತ್ತೆ ಆ ಹನ್ನೆರಡು ಎಲೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. "ನೋಡಮ್ಮಿ, ಬಂದೋದ ದೇವ್ರನ್ನೆಲ್ಲ ಅವ್ರು ತಕ್ಕಂಡ್ರು. ಇನ್ನೂ ಬರ್ದೇ ಇರೋನ್ನ ನಂಗ ಕೊಟ್ರು" ಎಂದಳು. ನಾನು ನಗಲಿಲ್ಲ. ನನಗೆ ಅವರೆಲ್ಲರ ಮುಖಕ್ಕೆ ಮಸಿ ಬಳಿಯಬೇಕು ಎನ್ನಿಸಿತ್ತು. ಮಸಿಯ ಡಬ್ಬಿ ಇನ್ನೂ ಕಿಟಕಿಯಲ್ಲೇ ಇತ್ತು.

ಅತ್ತೆ ಯಾರ ಮನೆಯಲ್ಲಿರಬೇಕು ಎಂಬ ಮಾತು ಬಂದಾಗ ಅವಳು ನಮ್ಮ ಮನೆ ಎಂದಳು, ನಾನಿರುವುದರಿಂದ. ನನ್ನನ್ನೂ ಗುಂಡ್ಲುಪೇಟೆಯ ಶಾಲೆಗೆ ಹಾಕಿದರು. ಗಂಡ ಸತ್ತ ಊರಿಗೆ, ತನ್ನನ್ನು ಬಸ್ಸು ಹತ್ತಿಸಿದ ಮನೆಯವರು ಎದುರಾಗುವ ಬೀದಿಗೆ ಅವಳು ಅದೇ ತಗಡಿನ ಟ್ರಂಕು ಹಿಡಿದುಕೊಂಡು ಬಂದಳು. ಬಂದ ದಿನವೇ ನಮ್ಮಪ್ಪ ತಮ್ಮ ಪಾಲಿನ ಮೂರು ಅವತಾರಗಳನ್ನು ಅವಳ ಮುಂದಿಟ್ಟು, "ಇವೂ ನೀನೇ ಇಟ್ಕೊ" ಎಂದರು. ಅಂಗಳದಲ್ಲಿ ಆಡಬೇಕಾದ ಮಾತನ್ನು ಅಡಿಗೆಮನೆಯಲ್ಲಿ ಆಡುವುದು ನಮ್ಮಪ್ಪನ ಸ್ವಭಾವ.

ನಾಲ್ಕು ಅವತಾರದಲ್ಲೇ ಆಡೋಣ ಎಂದು ನಾನು ಹಟ ಹಿಡಿದೆ. ಅಮ್ಮನನ್ನು ಎಳೆದು ತಂದು ಮೂರನೆಯವರಾಗಿ ಕೂರಿಸಿದೆ, ಎಲೆ ಹಂಚಿದೆ. ಅತ್ತೆ ತನ್ನ ಎಲೆಗಳನ್ನು ಜೋಡಿಸಿ ಕೈಯಲ್ಲೇ ಹಿಡಿದುಕೊಂಡಳು.

"ಹಾಕತ್ತೆ" ಎಂದೆ.

"ಯಾರಮ್ಮಿ ಮೊದ್ಲು ಹಾಕೋರು? ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಅಗಲೂ ಇಲ್ಲ, ಇರುಳೂ ಇಲ್ಲ" ಎಂದು ಎಲೆಗಳನ್ನು ಕೆಳಗಿಟ್ಟಳು. ಅಮ್ಮ ಎದ್ದು ಹಾಲು ಉಕ್ಕುವುದನ್ನು ನೋಡಲು ಹೋದರು. ಅತ್ತೆಯ ಕುಚೋದ್ಯ ಆವತ್ತಿನಿಂದ ಕಡಿಮೆಯಾಗುತ್ತಾ ಬಂತು. ಬೆಳಗ್ಗೆ ಎದ್ದರೆ ಕೆಲಸ, ಕೆಲಸ ಮುಗಿದರೆ ಗೋಡೆಗೆ ಒರಗಿ ಕೂರುವುದು. ನಾನು ಶಾಲೆಯಿಂದ ಬಂದು ಏನಾದರೂ ಹೇಳಿದರೆ, "ಊಂ ಕಣಮ್ಮಿ" ಎನ್ನುವಳು. ಮಾತೇ ಅನ್ನವಾಗಿದ್ದವಳು ಹಾಗೆ ಮೂಕಿಯಾದದ್ದನ್ನು ನೋಡಿಕೊಂಡು ನಾನು ಆ ಮನೆಯಲ್ಲಿ ಒಂದು ವರ್ಷ ಹಲ್ಲು ಕಚ್ಚಿಕೊಂಡು ಕಳೆದೆ.

ಮಾರನೆಯ ವರ್ಷ ಶ್ರಾವಣದ ಹೊತ್ತಿಗೆ ದೊಡ್ಡಪ್ಪನಿಂದ ಬುಲಾವು ಬಂತು. ಅತ್ತೆ ಹೆಬ್ಬೆಟ್ಟು ಒತ್ತಿದ ಪತ್ರದಲ್ಲಿ ಉಡಿಗಾಲದ ಹಿಪ್ಪುನೇರಳೆ ತೋಟದ ಸರ್ವೆ ನಂಬರು ಬಿಟ್ಟುಹೋಗಿತ್ತಂತೆ. ಆ ತೋಟದ ಮೇಲೆ ಅತ್ತೆಯ ಹಕ್ಕು ಹಾಗೇ ಉಳಿದಿತ್ತು. ಹೊಸ ಪತ್ರ ಬರೆಸಿದ್ದೇವೆ, ಕರೆದುಕೊಂಡು ಬಾ ಎಂದು ನಮ್ಮಪ್ಪನಿಗೆ ಹೇಳಿ ಕಳಿಸಿದ್ದರು.

ಅಪ್ಪ ಬಂದು ಹೇಳಿದಾಗ ಅತ್ತೆ ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, ವರ್ಷದಲ್ಲಿ ಮೊದಲ ಸಲ ತನ್ನ ಹಳೆಯ ದನಿಯಲ್ಲಿ ಮಾತಾಡಿದಳು. "ಬತ್ತೀನಿ. ಹತ್ತು ಅವತಾರನೂ ಒಂದೇ ಕಡೆ ನನ್ ಮುಂದೆ ಇಡ್ಲಿ. ನೂರಿಪ್ಪತ್ತೂ ಕಣ್ಣಲ್ಲಿ ಕಂಡ ಮ್ಯಾಲೆ ಒತ್ತೀನಿ. ಇಲ್ದಿದ್ರ ತೋಟ ನಂಗೇ ಇರ್ಲಿ, ಉಳ ಸಾಕ್ತೀನಿ."

ನಾನು ಎದ್ದು ಕುಣಿದೆ. ಅಪ್ಪ, "ಇದೇನವ್ವ, ಎಲೆಗೋಸ್ಕರ..." ಎಂದರು. "ಊಂ ಕಣಣ್ಣ, ಎಲೆಗೋಸ್ಕರನೇ" ಎಂದಳು ಅತ್ತೆ.

ದೊಡ್ಡಪ್ಪನಿಗೆ ತೋಟ ಬೇಕಿತ್ತು, ಆದ್ದರಿಂದ ಒಪ್ಪಿದರು. ಶ್ರಾವಣ ಶುಕ್ರವಾರ ಬೆಳಗ್ಗೆ ನಾವು ಮೂವರೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆವು. ಅತ್ತೆ ನಮ್ಮಲ್ಲಿದ್ದ ನಾಲ್ಕು ಅವತಾರಗಳನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ನನ್ನ ಜೊತೆ ಮಾತು. ಗೆದ್ದರೆ ಏನು ಕೊಡ್ತೀಯಾ, ಸೋತರೆ ಜಡೆ ಕಿತ್ತು ಕೈಗೆ ಕೊಡ್ತೀನಿ ಎಂದು ಪಂದ್ಯ ಕಟ್ಟಿದಳು. ನಾನು ಅವಳ ತೋಳಿಗೆ ಅಂಟಿಕೊಂಡು ಕೂತಿದ್ದೆ.

ತಾತನ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ದೊಡ್ಡಮ್ಮ ಆಗಷ್ಟೇ ಶುಕ್ರವಾರದ ಪೂಜೆ ಮುಗಿಸಿ ಬಂದಿದ್ದರು. ಮೈಮೇಲೆ ಮದುವೆಯ ಕೆಂಪು ರೇಷ್ಮೆ ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ. ದೊಡ್ಡಪ್ಪನ ಪಾಲಿನ ಮೂರು ಅವತಾರಗಳು ದೇವರ ಮನೆಯಲ್ಲೇ ಇದ್ದವು. ದಿನಾ ಅರಿಸಿನ ಕುಂಕುಮ ಏರಿಸಿ ಏರಿಸಿ ರಾಮನ ಮುಖವೇ ಮಾಸಿಹೋಗಿತ್ತು, ಆದರೆ ಎಲೆಗಳ ಸಂಖ್ಯೆ ಸರಿಯಾಗಿತ್ತು. ಉಡಿಗಾಲದ ದೊಡ್ಡಪ್ಪ ಒಂದು ಗೋಣಿಚೀಲದಿಂದ ತಮ್ಮ ಪಾಲನ್ನು ಸುರಿದರು.

ಅತ್ತೆ ಎಲ್ಲವನ್ನೂ ಬೆನ್ನು ಮೇಲಾಗಿ ಪಂಚೆಯ ಮೇಲೆ ಹರಡಿದಳು. ಬೆರಳಿನಿಂದ ಒಂದೊಂದನ್ನೇ ಸರಿಸುತ್ತಾ ಹೋದಳು. ಮುಖ ತಿರುವಲಿಲ್ಲ. ಕೊನೆಗೆ ಕೈ ನಿಲ್ಲಿಸಿ, "ಐದು ಇಲ್ಲ" ಎಂದಳು.

ಉಡಿಗಾಲದ ದೊಡ್ಡಪ್ಪ ತಲೆ ಕೆರೆದುಕೊಂಡರು. "ಐಕ್ಳು ಕಡ್ಡೀಲಿ ಉಳ್ಳಿಸ್ಕಂಡು ಓಡಾಡ್ತಿದ್ದೋ ಕಣವ್ವ, ಗಾಡಿ ಚಕ್ರ ಅಂತ. ಎಲ್ಲೋ ಕೆರೆ ತಾವ ಬಿದ್ದೋಗವ. ಐದೇ ಐದು. ನಿಂಗ ಮಾಡಕ್ಕೆ ಬತ್ತದಲ್ಲ, ನೀನೇ ಮಾಡ್ಕೊಬುಡು."

ಹೊಸ ಎಲೆಗೆ ಬಟ್ಟೆ ಎಲ್ಲಿಂದ ಬರಬೇಕೆಂದು ಆ ಪಡಸಾಲೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಹೇಳಿದವರಿಗೂ ಹೇಳಿದ ಮೇಲೆ ಗೊತ್ತಾಯಿತು. ಅತ್ತೆಯ ಸೀರೆ ಹೊಳೆ ಸೇರಿ ಎಷ್ಟೋ ಕಾಲವಾಗಿತ್ತು. ಆಮೇಲೆ ಈ ಮನೆಯಲ್ಲಿ ಯಾವ ಹೆಣ್ಣೂ ಗಂಡನನ್ನು ಕಳೆದುಕೊಂಡಿರಲಿಲ್ಲ.

ಆಗ ದೊಡ್ಡಮ್ಮ ಸರಕ್ಕನೆ ಸೆರಗು ಹೊದ್ದುಕೊಂಡರು. ಇನ್ನೊಂದು ಕೈಯಲ್ಲಿ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅತ್ತೆಯ ಕಡೆ ತಿರುಗಿ, "ಏನೇ ಅಂಗೆ ನೋಡ್ತಿದ್ದೀಯೆ? ನನ್ ಸೀರೆ ಮ್ಯಾಲೆ ಬಿತ್ತಾ ಕಣ್ಣು? ನನ್ ಗಂಡ ಕಲ್ಲುಗುಂಡು ಇದ್ದಂಗವ್ರೆ. ಉಂಡ ಮನೆಗೇ ಕೇಡು ಬಯಸ್ತೀಯಾ?" ಎಂದು ಕೂಗಿದರು.

ನಾನು ಅಷ್ಟು ಸಿಟ್ಟು ಮತ್ತೆ ಯಾವತ್ತೂ ಮಾಡಿಕೊಂಡಿಲ್ಲ. ದೊಡ್ಡಮ್ಮನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಮುಂಡೆಯ ಮೇಲೆ ಇಲ್ಲದ ಅಪವಾದ ಹೊರಿಸುತ್ತೀರಿ, ನಾಲಗೆಗೆ ಹುಳ ಬೀಳುತ್ತದೆ ಎಂದೆ. ಅತ್ತೆಯ ಎದುರಿಗೇ ಅವಳನ್ನು ಮುಂಡೆ ಎಂದೆನೆಂಬುದು ಕೂಡ ಆಗ ತಿಳಿಯಲಿಲ್ಲ. ಅಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ದೊಡ್ಡಪ್ಪ ಹೆಂಡತಿಗೆ ಸುಮ್ಮನಿರು ಎಂದರು, ಆದರೆ ಅವರ ಕೈ ಅವರಿಗೇ ತಿಳಿಯದ ಹಾಗೆ ಎದೆಯ ಮೇಲೆ ಹೋಗಿತ್ತು.

ನಾನು ಅತ್ತೆ ಉತ್ತರ ಕೊಡುತ್ತಾಳೆಂದು ಕಾದೆ. ಅವಳ ನಾಲಗೆಯ ಹರಿತ ನನಗೆ ಗೊತ್ತಿತ್ತು. ಅವಳು ಪಂಚೆಯ ಮೇಲಿನ ಎಲೆಗಳನ್ನು ಒಟ್ಟು ಮಾಡಿ ದೊಡ್ಡಪ್ಪನ ಕಡೆಗೆ ತಳ್ಳಿದಳು. "ಪತ್ರ ಕೊಡಿ" ಎಂದಳು. ಮಸಿಯ ಡಬ್ಬಿ ಮುಂದೆ ಬಂತು. ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿ ಈಸಿಕೊಂಡು, ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಗಂಡನ ಹೆಸರನ್ನೂ ನಿಧಾನವಾಗಿ ದುಂಡಗೆ ಬರೆದಳು. ಆ ಮನೆಯ ಆಸ್ತಿಯ ಕಾಗದದ ಮೇಲೆ ಅವಳು ತನ್ನ ಕೈಯಾರೆ ಹೆಸರು ಬರೆದದ್ದು ಅದೊಂದೇ ಸಲ, ಅದೂ ತನಗೆ ಏನೂ ಬೇಡ ಎಂದು.

ನೋಂದಣಿ ಕಚೇರಿಯ ಕೆಲಸ ಮುಗಿಸಿ ಊಟಕ್ಕೂ ನಿಲ್ಲದೆ ಹೊರಟೆವು. ಎಲೆಗಳು ಆ ಪಡಸಾಲೆಯಲ್ಲೇ ಉಳಿದವು, ನಮ್ಮ ಮನೆಯ ನಾಲ್ಕು ಅವತಾರಗಳೂ ಸೇರಿ. ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಕೂತು, ಪರಿಚಯದ ಯಾರಿಗೋ, ಎಲ್ಲ ಸಲೀಸಾಗಿ ಆಯಿತು ಎಂದು ಹೇಳುತ್ತಿದ್ದರು. ನಾನು ಅತ್ತೆಯ ಪಕ್ಕದಲ್ಲಿ ಕೂತು ಇನ್ನೂ ಬುಸುಗುಟ್ಟುತ್ತಿದ್ದೆ.

"ಯಾಕತ್ತೆ ಸಹಿ ಹಾಕಿದೆ? ಅವರು ಅಷ್ಟು ಸುಳ್ಳು ಹೇಳಿದರಲ್ಲ, ಯಾಕೆ ಸುಮ್ಮನಿದ್ದೆ?"

ಅತ್ತೆ ಅಪ್ಪನಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಾಗಿದಳು.

"ಸುಳ್ಳಲ್ಲ ಕಣಮ್ಮಿ. ಐದು ಇಲ್ಲ ಅಂದ ಗಳಿಗೇಲಿ ನಾನು ಅವಳ ಸೀರೆನೇ ನೋಡ್ದೆ. ಐದೇನು, ಇಡೀ ಪೆಟ್ಟಿಗೇನೇ ಹೊಸ್ದಾಗಿ ಮಾಡ್ಬೋದು ಅನ್ಕಂಡೆ, ಜರಿ ಸೆರಗು ಬುಟ್ಟು ಮಿಕ್ಕಿದ್ರಲ್ಲೇಯ."